ಏಕತಾರಿಗೆ ಕರೆಂಟ್ ಕೊಟ್ಟ ಮ್ಯಾಲೆ

ಹತ್ರ ಬರ್ರಿ. ಬಾಗ್ಲು ಮುಂದಕ್ಕೆ ಮಾಡ್ರಿ. ಇದು ನಿಮ್ಮ ಹೊಟ್ಟೆಯಾಗೇ ಇರ್ಬೇಕು. ನಮ್ಮ ನಿಟ್ಟುವಳ್ಳಿ ಓಣಿಯಾಗ ಇಂಥವು ಆಗ್ತಾನೇ ಇರ್ತಾವ. ನಾನೇನು ಹುಡುಕ್ಕೊಂಡು ಹೋಗಲ್ಲ.

ಗೋಡೆಯಾಚೆ ಮನೆಯಾತ ಬಾತಿ ಊರಾಗಿನ ಹೊಲ ನೋಡ್ಕೊಂಡು, ಸೋಮವಾರ ಗುಡಿ ಭಜನೆಯಾಗ ಏಕತಾರಿ ಮೀಟಿ ತತ್ವಪದ ಹಾಡ್ತಾನೆ. ಅವರಪ್ಪನ ಕಾಲದಿಂದ ಮುಂದಿನ ಸಾಲಿನ ಜಾಗ ಅವರದೇ. ಈಚೆಗೆ ಭಜನೆ ಯಜಮಾನ, "ನಿನ್ನ ಒಂಟಿ ತಂತಿ ಯಾರಿಗೂ ಕೇಳ್ಸಲ್ಲ. ಕೇಳ್ಸಂಗೆ ಮಾಡು, ಇಲ್ಲಾ ಜಾಗ ಬಿಡು" ಅಂದುಬಿಟ್ಟ. ಈತ ಮರುದಿನಾನೇ ಪೇಟೆಗೆ ಹೋದ. ಏಕತಾರಿ ಬುರುಡೆಯೊಳಗೆ ಸಣ್ಣ ಮೈಕ್ ಕೂಡಿಸ್ಕೊಂಡು, ಸ್ಪೀಕರ್ ಡಬ್ಬಿ ಹೊತ್ಕೊಂಡು ಬಂದ.

ಮಿಕ್ಸಿ ಶ್ರುತಿ

ಮೊದಲ್ನೇ ದಿನ ಸ್ವಿಚ್ ಹಾಕಿ ಕುಂತ. ಒಳಗೆ ಹೆಂಡ್ತಿ ಶೇಂಗಾ ಚಟ್ನಿಗೆ ಮಿಕ್ಸಿ ಹಾಕಿದ್ಲು. ಸ್ಪೀಕರ್ ಗುರ್ರ್ ಅಂತು.

"ಏಯ್, ನಿಲ್ಸೇ! ನನ್ನ ಶ್ರುತಿ ಕೆಡ್ತೈತೆ."

"ನಿಲ್ಸಿದೆ. ರೊಟ್ಟಿಗೆ ಶ್ರುತೀನೇ ಹಚ್ಕೊಂಡು ತಿನ್ರಿ."

ಆವತ್ತು ವೈರಾಗ್ಯದ ಪದ ಹಾಡ್ಕೊಂತ ಒಣರೊಟ್ಟಿ ತಿಂದ.

ಹರಿಹರದಾಗ

ಹರಿಹರದಾಗ ಈತನ ಬೀಗರ ಗೃಹಪ್ರವೇಶಕ್ಕೆ ಭಜನೆ ಮೇಳ ಹೋಯ್ತು. ಪದ ಏರೋ ಹೊತ್ತಿಗೆ ಕರೆಂಟ್ ಹೋತು. ತಬಲ, ತಾಳ ನಡೆದೇ ಇದ್ವು. ಈತ ಮಾತ್ರ ಏಕತಾರಿ ತೊಡೆ ಮ್ಯಾಲಿಟ್ಟು ಕೈಕಟ್ಟಿ ಕುಂತ.

"ಯಾಕ ನಿಲ್ಸಿದ್ರಿ?" ಅಂದ್ರು ಬೀಗರು.

"ಕರೆಂಟ್ ಇಲ್ಲಲ್ರಿ!"

ಆ ಮನೆ ಅಜ್ಜಿ ಎಲಡಿಕೆ ಉಗುಳಿ ಬಂದು ಕೇಳಿದ್ಲು: "ನಿಮ್ಮಪ್ಪ ಹಾಡುವಾಗ ಊರಿಗೆ ಕರೆಂಟ್ ಕಂಬಾನೇ ಬಂದಿರ್ಲಿಲ್ಲ. ಆತ ಎಲ್ಲಿಂದ ವೈರ್ ಎಳ್ಕೊಂಡಿದ್ನಪ್ಪ?"

ಗುಡಿ ಕಟ್ಟೆ

ಆಮೇಲಿನ ಸೋಮವಾರ ಗುಡಿಯಾಗ ಎಲ್ಲಾ ಜೋಡಿಸಿ, ಸ್ವಿಚ್ ಹಾಕಿ, "ಅಕ್ಕಾ, ಸ್ವಲ್ಪ ಹಿಡ್ಕೊ" ಅಂತ ಏಕತಾರಿ ನನ್ನ ತೊಡೆ ಮ್ಯಾಲಿಟ್ಟು ನೀರು ಕುಡಿಯಾಕೆ ಹೋದ. ಪಕ್ಕದಾಗ ನಮ್ಮ ವಾರಗಿತ್ತಿ ಕುಂತಿದ್ಲು. ಸುಮ್ನೆ ಹೆಂಗೆ ಇರ್ಲಿ? ಪಿಸುಮಾತಿನಾಗೇ ಅಂದೆ: "ಕೇಳ್ಸೋದು ಬಿಡೋದು ಎಲ್ಲಾ ನೆಪ ಕಣೇ. ಯಜಮಾನಗೆ ಆ ಜಾಗದಾಗ ತನ್ನ ಅಳಿಯನ್ನ ಕೂಡಿಸ್ಬೇಕು. ಆ ಅಳಿಯಗೆ ಮಂಗಳಾರತಿ ಪದಾನೂ ಪೂರ್ತಿ ಬರಲ್ಲ!"

ನನ್ನ ಮಾತು ನನಗೇ ದೊಡ್ಡದಾಗಿ ಕೇಳಿಸ್ತು. ಇವತ್ತು ಗಂಟ್ಲು ಚಲೋ ಐತೆ ಅಂದ್ಕೊಂಡು ಇನ್ನೂ ನಾಕು ಸೇರಿಸಿದೆ. ತಲೆ ಎತ್ತಿ ನೋಡ್ತೀನಿ, ರಸ್ತೆಯಾಗ ಆಟೋ ನಿಲ್ಸಿ ಜನ ಕೇಳ್ತಾ ನಿಂತಾರೆ. ಯಜಮಾನನ ಮುಖ ಹುಣಸೆಹಣ್ಣು. ಅಳಿಯ ಚಪ್ಪಲಿ ಹುಡುಕ್ತಾ ಇದ್ದ.

ಯಜಮಾನ ಎಲ್ಲರ ಮುಂದೆ, "ಯಾರಂದಿದ್ದು ಜಾಗ ಬಿಡು ಅಂತ? ಬಾರಪ್ಪ, ಮುಂದೆ ಕೂಡು" ಅಂತ ಈತನ ಕೈ ಹಿಡಿದು ತಾನೇ ಕೂಡಿಸಿದ.

ಭಜನೆ ಮುಗಿದ ಮ್ಯಾಲೆ ಈತ ನನ್ನ ಎದುರಿಗೇ ಬಂದು ಕೈಮುಗಿದ.

"ಅಕ್ಕಾ, ಓಣಿಯಾಗ ನೀನಿರುವಾಗ ನಾನ್ಯಾಕ ಸುಮ್ನೆ ಸ್ಪೀಕರ್ ತಂದೆ?"