ಫಿರ್ಮಿನ್ ರೈಲು ಹತ್ತಿದ ನಿಜವಾದ ಕಾರಣ

ವಿಮಾ ಕಚೇರಿಯ ಮೇಲಧಿಕಾರಿ ಮದಾಂ ಕ್ಲೋಟಿಲ್ಡ್ ಅವರಿಗೆ ಬೆಳಗಿನ ಕಾಫಿಯ ಜೊತೆ ಭೂಮಿತಾಯಿಯ ಮೇಲೆ ಪ್ರೀತಿ ಉಕ್ಕಿದ್ದೇ ಫಿರ್ಮಿನ್‌ನ ಗ್ರಹಚಾರಕ್ಕೆ ಮೂಲ.

"ಫ್ರಾನ್ಸಿನಿಂದ ದಿನಾ ಗಡಿ ದಾಟಿ ಲಕ್ಸೆಂಬರ್ಗಿಗೆ ಬರೋ ನಮ್ಮೋರೆಲ್ಲ ಕಾರಲ್ಲೇ ಬರ್ತಾರೆ. ರೈಲಲ್ಲಿ ಬರೋರು ನೀವೊಬ್ಬರೇ. ನಿಮ್ಮನ್ನ ರೈಲಿಗೆ ಎಳೆದದ್ದು ಏನು ಅಂತ ಮಧ್ಯಾಹ್ನ ಎಲ್ಲರ ಮುಂದೆ ಹೇಳಿ."

ಫಿರ್ಮಿನ್‌ನನ್ನು ರೈಲಿಗೆ ಯಾರೂ ಎಳೆದಿರಲಿಲ್ಲ, ತಳ್ಳಿದ್ದರು. ತಳ್ಳಿದವಳು ಸೋಲಾಂಜ್. ಫ್ರಾನ್ಸಿನ ಗಡಿಯೂರು ತಿಯೋನ್‌ವಿಲ್‌ನಲ್ಲಿ ಪಕ್ಕದ ಮನೆಯವಳು, ಇಲ್ಲಿ ಪಕ್ಕದ ಮೇಜಿನವಳು. ಮೊದಲು ಅವಳ ಕಾರಿನಲ್ಲೇ ಬರುತ್ತಿದ್ದ. ಅಷ್ಟರಲ್ಲಿ ಅವಳ ಪಿತ್ತಕೋಶದಿಂದ ವೈದ್ಯರು ಒಂದು ಕಲ್ಲು ತೆಗೆದರು. ಹೆದ್ದಾರಿಯಲ್ಲಿ ವಾಹನಗಳು ಬಸವನಹುಳುವಿನಂತೆ ತೆವಳುವಾಗ ಆ ಕಲ್ಲಿನ ಕತೆ ದಿನವೂ ನಡೆಯುತ್ತಿತ್ತು. ಬಟಾಣಿಯಷ್ಟಿದ್ದ ಕಲ್ಲು ಕತೆಯಲ್ಲಿ ಕೋಳಿಮೊಟ್ಟೆಯಾಯಿತು. ಅದು ಕುಂಬಳಕಾಯಿಯಾಗುವ ಮೊದಲೇ ಫಿರ್ಮಿನ್ ರೈಲು ಹತ್ತಿದ್ದ.

ರೈಲು ಬರುವ ದಿನ ತಡವಾಗಿ ಬರುತ್ತಿತ್ತು, ಉಳಿದ ದಿನ ಬರುತ್ತಲೇ ಇರಲಿಲ್ಲ. ಆದರೂ ಅದರಲ್ಲಿ ಕಲ್ಲಿರಲಿಲ್ಲ!

ನಿಜ ಹೇಳುವಂತಿಲ್ಲ, ಸೋಲಾಂಜ್ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಲೆಕ್ಕ ವಿಭಾಗದ ರೆಜಿಸ್ ಕೇಳದಿದ್ದರೂ ಬಂದು ಉಪದೇಶಿಸಿದ: "ಹಿಮಕರಡಿ ಸೇರಿಸಿ ಮಾರಾಯ್ರೆ! ಹಿಮಕರಡಿ ಇಲ್ದೆ ಈ ಕಾಲದಲ್ಲಿ ಯಾರೂ ಅಳಲ್ಲ."

ಫಿರ್ಮಿನ್ ಸೇರಿಸಿದ. ಒಂದಲ್ಲ, ತಾಯಿ ಕರಡಿ, ಮರಿ ಕರಡಿ, ಕರಗುವ ಮಂಜಿನ ತುಂಡು. ಕಾರಿನ ಹೊಗೆಗೆ ಮೊಮ್ಮಕ್ಕಳು ಕೆಮ್ಮುವುದನ್ನು ತಾನೇ ಕೆಮ್ಮಿ ತೋರಿಸಿದ. ಮದುವೆಯೇ ಆಗದವನ ಮೊಮ್ಮಕ್ಕಳಿಗಾಗಿ ಸಭೆಯೆಲ್ಲ ಮೂಗೊರೆಸಿಕೊಂಡಿತು. ಮದಾಂ ಕ್ಲೋಟಿಲ್ಡ್ ಎದ್ದು ನಿಂತು, "ಇವತ್ತಿಂದ ನಾನೂ ರೈಲಲ್ಲೇ!" ಎಂದು ಸಾರಿದರು. ಮೇಲಧಿಕಾರಿಯ ಪರಿಸರಪ್ರೇಮ ಕೆಳಗಿನವರಿಗೆ ಹರಡಲು ತಡವೇ? ಎಲ್ಲರೂ ಎದ್ದರು.

ಸೋಲಾಂಜ್ ಕಣ್ಣೊರೆಸಿಕೊಂಡು ಬಂದು ಅವನ ಕೈ ಹಿಡಿದಳು. "ಫಿರ್ಮಿನ್, ಕಾರನ್ನ ಇಲ್ಲೇ ಬಿಟ್ಟುಬಿಡ್ತೀನಿ. ಸಂಜೆ ರೈಲಲ್ಲಿ ಒಟ್ಟಿಗೆ ಹೋಗೋಣ. ಆ ಆಪರೇಷನ್ ಕತೆ ಅರ್ಧಕ್ಕೇ ನಿಂತಿತ್ತಲ್ಲ!"

ಫಿರ್ಮಿನ್ ಮೆಲ್ಲಗೆ ಕೈ ಬಿಡಿಸಿಕೊಂಡ. ಆಮೇಲೆ ಮಿಂಚಿನಂತೆ ಉಪಾಯ ಹೊಳೆಯಿತು. ಅವಳು ರೈಲಿಗೆ ಹೋದರೆ ರಸ್ತೆ ಖಾಲಿ! ಕಚೇರಿಯ ಕಾವಲುಗಾರ ಆನ್ಸೆಮ್ ಅದೇ ಊರಿನವನು, ವರ್ಷಕ್ಕೊಮ್ಮೆ ಬಾಯಿ ತೆರೆಯುವ ಪುಣ್ಯಾತ್ಮ, ಭಾಷಣಕ್ಕೂ ಬಂದಿರಲಿಲ್ಲ.

"ಸಂಜೆ ನಿಮ್ಮ ಕಾರಲ್ಲಿ ನನಗೂ ಜಾಗ ಇದೆಯಾ?"

ಆನ್ಸೆಮ್ ತಲೆಯಾಡಿಸಿದ. ಆ ಮೌನ ಫಿರ್ಮಿನ್‌ಗೆ ಸಂಗೀತದಂತೆ ಕೇಳಿಸಿತು.

ಸಂಜೆ ಕಳ್ಳನಂತೆ ಹಿಂಬಾಗಿಲಿನಿಂದ ನುಸುಳಿ ಕಾರು ಸೇರಿ, ಕಣ್ಣು ಮುಚ್ಚಿ ಒರಗಿದ. ರೈಲು ನಿಲ್ದಾಣದ ತಿರುವಿನಲ್ಲಿ ಕಾರು ನಿಂತಿತು. ಬಾಗಿಲು ತೆರೆದುಕೊಂಡಿತು.

"ಅಯ್ಯೋ, ನೀವೂ ಇಲ್ಲೇ ಇದೀರಾ!" ಸೋಲಾಂಜ್ ಅವನ ಪಕ್ಕಕ್ಕೇ ಒತ್ತಿ ಕುಳಿತಳು. "ನಿಮ್ಮ ಭಾಷಣ ಕೇಳಿ ಆಫೀಸಿಗೆ ಆಫೀಸೇ ರೈಲಿಗೆ ನುಗ್ಗಿದೆ. ಕಾಲಿಡೋಕೂ ಜಾಗ ಇಲ್ಲ. ನನ್ನ ಕಾರಿನ ಕೀಲಿಕೈನೂ ಆ ಗಲಾಟೇಲೇ ಎಲ್ಲೋ ಬಿತ್ತು. ಪಾಪ, ಆನ್ಸೆಮ್‌ಗೆ ಫೋನ್ ಮಾಡಿದೆ, ಬಂದ. ಹೂಂ, ಡಾಕ್ಟರು ಕತ್ತರಿ ತಗೊಂಡ್ರಾ..."

ಗಡಿಯ ಹತ್ತಿರ ವಾಹನಗಳ ಸಾಲು ನಿಂತೇಬಿಟ್ಟಿತು. ಪಕ್ಕದ ಹಳಿಯ ಮೇಲೆ ರೈಲು ನಿಧಾನವಾಗಿ ಬಂತು. ಕಿಟಕಿಗೆ ಅಂಟಿಕೊಂಡಂತೆ ಮದಾಂ ಕ್ಲೋಟಿಲ್ಡ್, ಅವರ ಹೆಗಲ ಮೇಲಿಂದ ರೆಜಿಸ್, ಹಿಂದೆ ಇಡೀ ಕಚೇರಿ. ಎಲ್ಲರ ಕಣ್ಣೂ ಕಾರಿನೊಳಗೆ.

ಸೋಲಾಂಜ್ ಅವನ ಕೈಯನ್ನು ಎತ್ತಿ ಹಿಡಿದಳು. "ಮುಖ ಯಾಕೆ ಮುಚ್ಕೋತೀರಿ ಫಿರ್ಮಿನ್? ಟಾಟಾ ಮಾಡಿ, ಎಲ್ಲರೂ ನಿಮ್ಮನ್ನೇ ನೋಡ್ತಿದಾರೆ!"