ನೊಂದ ಜೀವದ ಒಂದು ಸಹಿ

ಎಲ್ಲ ಶುರುವಾದದ್ದು ಒಂದು ಪೋಸ್ಟ್ ಕಾರ್ಡಿನಿಂದ.

'ನಿಮ್ಮ ಪತ್ತೇದಾರಿ ಕಾದಂಬರಿಯಲ್ಲಿ ಒಂದು ಅಧ್ಯಾಯ ಸಿಡಿಲಿನಂತೆ ಬಡಿಯುತ್ತದೆ, ಮುಂದಿನದು ಕೇಳಿಸುವುದೇ ಇಲ್ಲ. ಕೊಲೆಯಾಗಿದೆ, ಯಾರದ್ದೆಂದು ಗೊತ್ತಾಗಿಲ್ಲ. ಕೂಡಲೇ ಸರಿಪಡಿಸಿ' ಎಂದು ಬರೆದು, ಕೆಳಗೆ 'ನೊಂದ ಜೀವ' ಎಂದು ಸಹಿ ಹಾಕಿತ್ತು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ರೆಕಾರ್ಡ್ ಮಾಡಿ, ಮನೆಗೆ ಕಳಿಸುವ ಗ್ರಂಥಾಲಯ ಅದು. ರೆಕಾರ್ಡಾದ ದೊಡ್ಡ ಫೈಲುಗಳನ್ನು ಪೆನ್‌ಡ್ರೈವಿಗೆ ಹಿಡಿಸುವಂತೆ ಚಿಕ್ಕದಾಗಿ ಪರಿವರ್ತಿಸುವುದು ಸೌಂಡಣ್ಣನ ಕೆಲಸ. ಆಫೀಸಿನವರು ಅವನಿಗೆ ಆ ಹೆಸರಿಟ್ಟರೂ ಅವನ ದನಿ ಮಾತ್ರ ಪಕ್ಕದ ಕುರ್ಚಿಯವರೆಗೂ ಹೋಗುತ್ತಿರಲಿಲ್ಲ.

ಮೇಡಂ ಕಾರ್ಡನ್ನು ಅವನ ಮುಂದಿಟ್ಟರು. "ನಾಳೆಯಿಂದ ನಾಲ್ಕು ದಿನ ರಜಾ ಕೇಳಿದೀರಲ್ವಾ?"

"ಹೌದು ಮೇಡಂ. ಬೆಳಗ್ಗೆ ಆರೂವರೆಗೇ ಟ್ರೈನು."

"ಇವ್ರು ಇದೇ ಕಾರ್ಡಿನ ಮೇಲೆ 'ಸರಿಹೋಗಿದೆ' ಅಂತ ಬರೆದು ಸಹಿ ಹಾಕ್ಲಿ. ಆಮೇಲೆ ನಿಮ್ಮ ಅರ್ಜಿಗೆ ನಾನು ಹಾಕ್ತೀನಿ."

ಸೌಂಡಣ್ಣ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದ ವಾರದಲ್ಲಿ ಮಾತು ಕೊಟ್ಟಿದ್ದ. ಈಗ ಒಂಬತ್ತು ವರ್ಷ. ಅವಳು ನಿನ್ನೆಯೇ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದಳು.

ಆ ಕಾದಂಬರಿ ಹೋಗಿದ್ದದ್ದು ಒಬ್ಬರಿಗೇ, ಪೋಸ್ಟಾಫೀಸಿನ ಹಿಂದಿನ ಬೀದಿಯ ಅಜ್ಜಿಗೆ. ಹಾಗಾಗಿ ನೊಂದ ಜೀವ ಯಾರೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಾಪ, ಯಾರ ಕೈಯಲ್ಲೋ ಬರೆಸಿರಬೇಕು.

ಕಾದಂಬರಿಯನ್ನು ಓದಿದವರು ಇಬ್ಬರು. ಬೆಸ ಸಂಖ್ಯೆಯ ಅಧ್ಯಾಯಗಳು ನಿವೃತ್ತ ಮೇಷ್ಟ್ರದ್ದು. ನಲವತ್ತು ವರ್ಷ ಕೊನೆಯ ಬೆಂಚಿನವರಿಗೆ ಕೇಳಿಸಿ ಅಭ್ಯಾಸವಾದ ಗಂಟಲು. ಸಮ ಸಂಖ್ಯೆಯವು ನಿವೃತ್ತ ನರ್ಸಮ್ಮನದ್ದು. ಅವರು ಕೊಲೆಯನ್ನೂ ರೋಗಿ ಎಚ್ಚರವಾಗದ ಹಾಗೆ ಓದುತ್ತಿದ್ದರು.

ಪರಿವರ್ತಿಸುವ ಸಾಫ್ಟ್‌ವೇರಿನಲ್ಲಿ 'ಧ್ವನಿಮಟ್ಟ ಸಮಗೊಳಿಸು' ಎಂಬ ಚೌಕವೊಂದಿತ್ತು. ಸೌಂಡಣ್ಣ ಅದಕ್ಕೆ ಟಿಕ್ ಹಾಕಿ ಇಪ್ಪತ್ನಾಲ್ಕೂ ಅಧ್ಯಾಯಗಳನ್ನು ಮತ್ತೆ ಪರಿವರ್ತಿಸಿದ. ಮೇಷ್ಟ್ರು ಗುಡುಗಿದರು, ನರ್ಸಮ್ಮ ಪಿಸುಗುಟ್ಟಿದರು. ಟಿಕ್ ತೆಗೆದು ಮತ್ತೆ ಹಾಕಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ.

"ಅಷ್ಟಕ್ಕೆಲ್ಲ ಯಾಕ್ರೀ ಒದ್ದಾಡ್ತೀರಾ? ನರ್ಸಮ್ಮಂದು ಮಾತ್ರ ಮೇಲಕ್ಕೆ ತಳ್ಳಿ," ಎಂದು ಟೈಪಿಸ್ಟಮ್ಮ ತಾನೇ ಮೌಸ್ ಹಿಡಿದು ತಳ್ಳಿದಳು. ಮುಂದಿನ ಕ್ಷಣ 'ಫಟಾರ್!' ಎಂದು ಕಿವಿ ಹರಿಯುವಂಥ ಸದ್ದು ಬಂತು. ಸ್ಟೋರ್‌ಕೀಪರ್ ಕುಡಿಯುತ್ತಿದ್ದ ಕಾಫಿ ಸೌಂಡಣ್ಣನ ಅಂಗಿಯ ಪಾಲಾಯಿತು.

"ಬಾಂಬ್ ಹಾಕಿದ್ಯೇನಯ್ಯಾ?" ಎಂದು ಸ್ಟೋರ್‌ಕೀಪರ್ ರೇಗಿದ. "ಮೇಷ್ಟ್ರನ್ನೇ ಕರ್ಸಿ ಮೆತ್ತಗೆ ಓದಿ ಅನ್ನು, ಮುಗೀತಲ್ಲ." ಹಾಗೆಂದವನು ಸುಮ್ಮನಿರಬೇಡವೇ, ಫೋನೂ ಮಾಡಿಬಿಟ್ಟ.

ಹತ್ತೇ ನಿಮಿಷಕ್ಕೆ ಮೇಷ್ಟ್ರು ಪ್ರತ್ಯಕ್ಷರಾದರು. "ನನ್ನ ದನಿ ಜಾಸ್ತಿಯಾಯ್ತು ಅಂದೋನು ಯಾರು? ಎದ್ದು ನಿಂತ್ಕೊಳ್ಳಿ!"

ಸೌಂಡಣ್ಣ ಎದ್ದು ನಿಂತ. ಆಗಲೇ ನಿಂತಿದ್ದ ಸ್ಟೋರ್‌ಕೀಪರ್ ಮೆಲ್ಲಗೆ ಕೂತುಬಿಟ್ಟ. ಹಿಂದೆಯೇ ಬಂದ ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತ, "ನನ್ನ ದನಿ ಕೇಳ್ಸಲ್ಲ ಅಂದ್ರಂತೆ. ನೀವು ಹೇಳಿದ ಹಾಗೇ ಓದಿದೀನಲ್ಲಪ್ಪಾ? ತಪ್ಪಾದಾಗ್ಲೆಲ್ಲ ಮೈಕ್ ಹತ್ರ ಜೋರಾಗಿ ಚಪ್ಪಾಳೆನೂ ತಟ್ಟಿದೀನಿ," ಎಂದರು.

ಚಪ್ಪಾಳೆ! ಸೌಂಡಣ್ಣ ಹಣೆ ಚಚ್ಚಿಕೊಂಡ. ತಪ್ಪಿ ಓದಿದ ಜಾಗ ಸುಲಭವಾಗಿ ಸಿಗಲೆಂದು ಚಪ್ಪಾಳೆ ತಟ್ಟಲು ಹೇಳಿದ್ದವನು ಅವನೇ. ಮೊದಲು ಪರಿವರ್ತಿಸಿ ಆಮೇಲೆ ಚಪ್ಪಾಳೆಗಳನ್ನು ಕತ್ತರಿಸುವುದು ಅವನ ಪದ್ಧತಿ. ಸಾಫ್ಟ್‌ವೇರ್ ಪ್ರತಿ ಫೈಲಿನ ಅತಿ ಜೋರಾದ ಸದ್ದನ್ನಷ್ಟೇ ಅಳೆಯುತ್ತಿತ್ತು. ನರ್ಸಮ್ಮನ ಚಪ್ಪಾಳೆಯೂ ಮೇಷ್ಟ್ರ ಗರ್ಜನೆಯೂ ಒಂದೇ ಎತ್ತರಕ್ಕಿದ್ದವು, ಹಾಗಾಗಿ ಎರಡೂ ಸಮವೆಂದು ಕೈತೊಳೆದುಕೊಳ್ಳುತ್ತಿತ್ತು. ಪಾಪ, ಅದರದ್ದೇನು ತಪ್ಪು?

ಊಟ ಬಿಟ್ಟು ಕೂತ. ಮೊದಲು ಚಪ್ಪಾಳೆಗಳನ್ನೆಲ್ಲ ಕತ್ತರಿಸಿದ, ನೂರಾ ಹದಿನೆಂಟು. ಮೇಷ್ಟ್ರು ಆಗಾಗ ಮೇಜು ಗುದ್ದಿದ್ದನ್ನೂ ತೆಗೆದ. ಆಮೇಲೆ ಪರಿವರ್ತಿಸಿದ. ನಾಲ್ಕೂವರೆಗೆ ಇಬ್ಬರೂ ಅಕ್ಕಪಕ್ಕ ಕೂತು ಮಾತಾಡಿದಷ್ಟು ಸಮವಾಗಿ ಕೇಳಿಸಿದರು. ಅವನಿಗೆ ಹೋದ ಜೀವ ಬಂದಂತಾಯಿತು.

ಅಜ್ಜಿಯ ಮನೆ ತಲುಪಿದಾಗ ಐದು ಗಂಟೆ. ಅವರ ಪ್ಲೇಯರಿಗೆ ಪೆನ್‌ಡ್ರೈವ್ ಹಾಕಿ ಎರಡನೇ ಅಧ್ಯಾಯ ಹಚ್ಚಿದ. ನರ್ಸಮ್ಮನ ದನಿ ಸ್ಪಷ್ಟವಾಗಿ ಕೋಣೆ ತುಂಬಿತು. ಅವನು ಕಾರ್ಡನ್ನೂ ಪೆನ್ನನ್ನೂ ಮುಂದೆ ಹಿಡಿದು, "ಇಲ್ಲೊಂದು ಸಹಿ ಹಾಕ್ಬಿಡಿ ಅಜ್ಜಿ, ನಿಮ್ಮ ದೂರು ಪರಿಹಾರ ಆಯ್ತು ಅಂತ," ಎಂದ.

"ದೂರಾ? ನಾನ್ಯಾಕಪ್ಪ ದೂರು ಕೊಡ್ಲಿ? ಆ ಹುಡುಗಿ ದನಿ ಕೇಳ್ಸೋಷ್ಟು ಜೋರು ಇಟ್ಕೊಂಡಿರ್ತಿದ್ದೆ. ಮೇಷ್ಟ್ರು ಬಂದಾಗ ಕಿವಿಗೆ ಬಟ್ಟೆ ಇಟ್ಕೋತಿದ್ದೆ. ಅಷ್ಟೇ."

ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ದಡಾರನೆ ತೆರೆಯಿತು. ಬನಿಯನ್ ತೊಟ್ಟ ದಢೂತಿ ಮನುಷ್ಯನೊಬ್ಬ ಓಡಿಬಂದ. "ಕೇಳಿಸ್ತು! ಸತ್ತಿದ್ದು ತೋಟದ ಮಾಲಿ! ಮೂರು ವಾರದಿಂದ ಗೋಡೆಗೆ ಕಿವಿ ಹಚ್ಚಿ ಕತ್ತು ಸೊಟ್ಟಗಾಗಿದೆ ಸ್ವಾಮಿ. ಮೇಷ್ಟ್ರದ್ದು ಮಾತ್ರ ಈಚೆಗೆ ಬರ್ತಿತ್ತು. ಕೊನೆ ಅಧ್ಯಾಯ ಆಯಮ್ಮಂದಂತೆ, ಕೊಲೆಗಾರ ಸಿಗೋದೇ ಅದರಲ್ಲಂತೆ. ಕಾರ್ಡ್ ಹಾಕಿದ್ದು ನಾನೇ. ಎಲ್ಲಿ ಸಹಿ?"

ಸೌಂಡಣ್ಣನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಪೆನ್ನು ಕೊಟ್ಟ.

"ಓಹೋ, ಕದ್ದು ಕೇಳ್ತಿದ್ದಿದ್ದು ನೀನೋ?" ಎಂದರು ಅಜ್ಜಿ. "ಈಗ ಇಬ್ರದ್ದೂ ಒಂದೇ ಸಮ ಆಯ್ತಲ್ಲ. ನಂಗೆ ಇಷ್ಟು ಸಾಕು." ಪ್ಲೇಯರಿನ ಸದ್ದಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. ಸದ್ದು ಅವರ ಕುರ್ಚಿಯ ಸುತ್ತ ಮಾತ್ರ ಉಳಿಯಿತು.

ಪಕ್ಕದ ಮನೆಯವನು ಪೆನ್ನು ಹಿಡಿದೇ ತನ್ನ ಮನೆಗೆ ಓಡಿದ. ಗೋಡೆಗೆ ಕಿವಿ ಹಚ್ಚಿ ನೋಡಿ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬಂದ.

"ಮೇಷ್ಟ್ರೂ ಹೋದ್ರು ಸ್ವಾಮಿ."

"ದಯವಿಟ್ಟು ಸಹಿ ಹಾಕಿ ಸಾರ್, ನನ್ನ ಸಮುದ್ರ…" ಸೌಂಡಣ್ಣ ಅಳುವುದೊಂದು ಬಾಕಿ.

"ಹಾಕ್ತೀನಿ. ಕೊಲೆಗಾರ ಯಾರು ಅಂತ ನೀವೇ ಹೇಳ್ಬಿಡಿ."

ಸೌಂಡಣ್ಣ ಬಾಯಿ ತೆರೆದ. ಬೆಳಗಿನಿಂದ ಅವನು ಆ ಕಾದಂಬರಿಯೊಳಗೇ ಮುಳುಗಿದ್ದ. ಆದರೆ ಹುಡುಕಿದ್ದೆಲ್ಲ ಚಪ್ಪಾಳೆ, ಕತೆಯ ಒಂದು ಸಾಲೂ ತಲೆಗೆ ಹೋಗಿರಲಿಲ್ಲ. ಅಜ್ಜಿಯ ಕಡೆ ನೋಡಿದ.

"ಹೇಳಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ," ಎಂದರು ಅಜ್ಜಿ ಖುಷಿಯಾಗಿ.

ಪಕ್ಕದ ಮನೆಯವನು ಕಾರ್ಡನ್ನು ಗೋಡೆಗೊತ್ತಿ ಬರೆಯತೊಡಗಿದ. ಆಗಲೇ ಸೌಂಡಣ್ಣನ ಫೋನು ಬಡಿದುಕೊಂಡಿತು.

"ಏನ್ರೀ, ರಜೆಗೆ ಸಹಿ ಸಿಕ್ತಾ?" ಎಂದಳು ಹೆಂಡತಿ.

ಸೌಂಡಣ್ಣ ಕೈಗೆ ಬಂದ ಕಾರ್ಡನ್ನು ನೋಡಿದ. 'ಮೊದಲು ಅರ್ಧವಾದರೂ ಕೇಳಿಸುತ್ತಿತ್ತು, ಈಗ ಅದೂ ಇಲ್ಲ. ಇದನ್ನು ಕೆಡಿಸಿದವರ ಮೇಲೆ ಕ್ರಮ ಕೈಗೊಳ್ಳಿ' ಎಂದಿತ್ತು.

"ಸಿಕ್ತು ಕಣೇ," ಎಂದ. "ಈ ಸಲ ಪೂರ್ತಿ ಹೆಸರು, ವಿಳಾಸ ಎಲ್ಲ ಹಾಕಿದಾರೆ."