ನನ್ನ ಹೆಬ್ಬೆರಳೂ ಚಿಮ್ಮನಚೋಡದ ಸೀತಾಫಲವೂ

ಹಣ್ಣು ಆರಿಸುವುದರಲ್ಲಿ ನನ್ನ ಬಲಗೈ ಹೆಬ್ಬೆರಳನ್ನು ಮೀರಿಸುವ ಬೆರಳು ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು! ಮಾವು ಇರಲಿ, ಕಲ್ಲಂಗಡಿ ಇರಲಿ, ಬಡಪಾಯಿ ಬದನೆಕಾಯಿಯೇ ಇರಲಿ, ಒಮ್ಮೆ ಒತ್ತಿದೆನೆಂದರೆ ಅದರ ಜಾತಕವೆಲ್ಲ ನನಗೆ ತಿಳಿದುಬಿಡುತ್ತಿತ್ತು. ಸೇಡಂನ ಸರಕಾರಿ ದಫ್ತರಿನಲ್ಲಿ ನಾನು ಗುಮಾಸ್ತ. ಹಗಲೆಲ್ಲ ರೈತರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನ್ನ ಕೆಲಸ. ಸಂಜೆ ಬಜಾರಿಗೆ ಹೋಗಿ ನಾನೇ ಒತ್ತುವುದು ನನ್ನ ವಿಶ್ರಾಂತಿ. ದೂರದಲ್ಲಿ ನನ್ನ ಟೋಪಿ ಕಂಡರೆ ಸಾಕು, ಹಣ್ಣು ಮಾರುವ ಸೈದಾನಬಿ ಬುಟ್ಟಿಯ ಮೇಲೆ ಸೆರಗು ಹರವಿ ಕೂತುಬಿಡುತ್ತಿದ್ದಳು. ನನ್ನ ಹೆಬ್ಬೆರಳಿಗೆ ಅವಳು ತೋರಿಸುವ ಮರ್ಯಾದೆ ಅದು ಎಂದೇ ನಾನು ತಿಳಿದಿದ್ದೆ.

ನಿಜಾಮರ ರಾಜ್ಯ ಹೋಗಿ ಹೊಸ ಸರಕಾರ ಬಂದ ದಿನಗಳು. ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಶಹಾಬಾದಿನ ರೇವಣಪ್ಪ ಸಾವಕಾರರು, "ಬರುವ ಐತವಾರ ನಿಮ್ಮ ಮಗಳನ್ನು ನೋಡಲು ಬರುತ್ತೇವೆ" ಎಂದು ಹೇಳಿ ಕಳಿಸಿದರು. ಸಾವಕಾರರದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಮಗ ದೇವಿಂದ್ರಪ್ಪ ವಾಡಿ ಸ್ಟೇಷನ್ನಿನಲ್ಲಿ ಟಿಕೇಟು ಕೊಡುವ ಬಾಬು. ನಮ್ಮ ನೀಲಾಬಾಯಿ ಸೋದರಮಾವನ ಮನೆಗೆ ಹೋಗುವಾಗ ಬರುವಾಗ ಅವನನ್ನು ಆ ಕಿಟಕಿಯಲ್ಲಿ ನೋಡಿದ್ದಳಂತೆ. ನೋಡಿದ್ದಳು ಎಂದರೆ, ಒಂದೇ ಟಿಕೇಟಿಗೆ ಎರಡು ಸಲ ಕಿಟಕಿಗೆ ಹೋಗಿ ನೋಡಿದ್ದಳು!

"ಹುಡುಗಿ ಮನಸಿಗಿ ಬಂದದ. ಈ ಸಂಬಂಧ ಏನಾರ ಮುರೀತು ಅಂದ್ರ ನಾ ನಿಮಗ ಮಾತಾಡಸಂಗಿಲ್ಲ ನೋಡ್ರಿ" ಎಂದು ನನ್ನ ಹೆಂಡತಿ ಲಲಿತಾಬಾಯಿ ಮೊದಲೇ ನೋಟೀಸು ಕೊಟ್ಟಿದ್ದಳು.

ಅವಳ ಹೆದರಿಕೆಗೆ ಕಾರಣವಿತ್ತು. ನೀಲಾಳಿಗೆ ಎಲ್ಲ ಗುಣವನ್ನೂ ಕೊಟ್ಟ ದೇವರು ನಗೆ ತಡೆಯುವ ಶಕ್ತಿಯನ್ನು ಮಾತ್ರ ಕೊಡಲು ಮರೆತಿದ್ದ. ಹಿಂದೆ ಚಿತ್ತಾಪುರದವರು ನೋಡಲು ಬಂದಾಗ ಹುಡುಗನ ಕಾಕಾ ಸೀನಿದ ರಭಸಕ್ಕೆ ಅವರ ತಲೆಯ ಪಟಗಾ ಹಾರಿ ಉಪ್ಪಿಟ್ಟಿನ ತಾಟಿನಲ್ಲಿ ಬಿದ್ದಿತ್ತು. ನೀಲಾ ನಕ್ಕಳು. ಚಿತ್ತಾಪುರದವರು ಎದ್ದು ಹೋದರು. ನೋಡಲು ಬಂದವರ ಮುಂದೆ ಕನ್ಯೆ ಕತ್ತೆತ್ತುವುದೇ ತಪ್ಪು, ನಗುವುದೆಂದರೆ!

ಸಾವಕಾರರ ಸುದ್ದಿ ತಂದವನು ಇನ್ನೊಂದು ಮಾತನ್ನೂ ಹೇಳಿದ್ದ. ಅವರು ಹೋಳಿಗೆ ಮುಟ್ಟುವುದಿಲ್ಲ, ಲಾಡು ಮುಟ್ಟುವುದಿಲ್ಲ. ಸೀತಾಫಲ ಎಂದರೆ ಮಾತ್ರ ಪ್ರಾಣ.

"ಸೈದಾನಬಿ ಹಂತ್ಯಾಕ ಒಂದು ಬುಟ್ಟಿ ತಗೊಂಡ್ರ ಆಯ್ತು" ಎಂದಳು ಲಲಿತಾಬಾಯಿ.

ನಾನು ಎದ್ದು ನಿಂತೆ. "ಬಜಾರದ ಮಾಲು? ನಮ್ಮ ಬೀಗರಾಗೋರಿಗಿ? ಛೀ! ತ್ವಾಟಕ್ಕೇ ಹೋಗ್ತೀನಿ. ಗಿಡದ ಬುಡಕ ನಿಂತು, ನನ್ನ ಕೈಯಾರೆ ಒಂದೊಂದೇ ಆರಿಸಿ ತರ್ತೀನಿ. ಸಾವಕಾರ್ರು ತಿಂದು ಕಣ್ಣಾಗ ನೀರು ತರಬೇಕು!"

"ಹೋಗ್ರಿ. ಖರೆ ಆ ಹೆಬ್ಬಟ್ಟು ಒಂದು ಮನ್ಯಾಗ ಇಟ್ಟು ಹೋಗ್ರಿ."

ಇಂಥ ಮಾತಿಗೆಲ್ಲ ನಾನು ಕಿವಿಗೊಡುವವನಲ್ಲ. ಗುರುವಾರ ರಜೆ ಹಾಕಿ, ಸರ್ವಿಸ್ ಮೋಟಾರಿನಲ್ಲಿ ಚಿಂಚೋಳಿಗೆ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಚಿಮ್ಮನಚೋಡಕ್ಕೆ ದಿಗ್ವಿಜಯ ಹೊರಟೆ.

ಊರಾಚೆಯ ಕಲ್ಲು ದಿಬ್ಬದ ಮೇಲೆ ಖಾಜಾಮಿಯಾನ ತೋಟ. ತೋಟವೆಂದರೆ ಮನೆಯ ಹಿತ್ತಲಿನಿಂದ ಶುರುವಾಗಿ ಗುಡ್ಡದ ಅರ್ಧಕ್ಕೆ ಹತ್ತಿದ ಸೀತಾಫಲದ ಗಿಡಗಳು, ನಡುವೆ ಆಡುಗಳು, ಆಡುಗಳ ಹಿಂದೆ ಅವನ ಮಗಳು ಮೆಹತಾಬ್. ಖಾಜಾಮಿಯಾನ ಹೆಂಡತಿ ಅಮೀರ್ಬೀ ಚಾಪೆ ಹಾಸಿ, ಗಿಳಿ ಕುಕ್ಕಿದ ಹಣ್ಣು, ಗಿಡದಲ್ಲೇ ಬಿರಿದ ಹಣ್ಣು ಎಲ್ಲ ತಂದು ಮುಂದೆ ಸುರಿದಳು.

"ತಿನ್ರಿ ಸಾಹೇಬ್ರ. ತ್ವಾಟದಾಗ ತಿಂದಿದ್ದಕ್ಕ ಹಿಸಾಬ್ ಇಲ್ಲ. ಹೊತಗೊಂಡು ಹೋಗೂದಕ್ಕಷ್ಟೇ ಹಿಸಾಬ್."

ಎಂಥ ಉದಾತ್ತ ಪದ್ಧತಿ! ನಾನು ಆ ಪದ್ಧತಿಗೆ ಪೂರ್ಣ ಗೌರವ ಸಲ್ಲಿಸಿದೆ. ಎಷ್ಟು ಸಲ್ಲಿಸಿದೆನೆಂದರೆ, ಏಳುವಾಗ ಖಾಜಾಮಿಯಾ ಕೈ ಕೊಡಬೇಕಾಯಿತು. ಎದ್ದವನೇ ಹತ್ತಿರದ ಗಿಡಕ್ಕೆ ಹೋಗಿ, ಒಂದು ಕಾಯಿ ಹಿಡಿದು, ನನ್ನ ಸುಪ್ರಸಿದ್ಧ ಹೆಬ್ಬೆರಳನ್ನು ಮೆಲ್ಲಗೆ ಊರಿದೆ.

"ಅಮ್ಮೀ! ಸಾಹೇಬ್ರು ಒತ್ತಾಕತ್ಯಾರ!" ಎಂದು ಮೆಹತಾಬ್ ಕಿರುಚಿದಳು.

ಕಳ್ಳ ಸಿಕ್ಕಂತೆ ಮನೆಮಂದಿಯೆಲ್ಲ ಓಡಿ ಬಂದರು. ಆಡುಗಳೂ ಬಂದವು.

"ಕಣ್ಣು ಬಿಟ್ಟ ಕಾಯಿ ನಾ ಹರದು ಕೊಡ್ತೀನಿ. ನೀವು ಕೈ ಹಿಂದ ಕಟ್ಟಿ ನಿಂದರ್ರಿ ಸಾಹೇಬ್ರ" ಎಂದ ಖಾಜಾಮಿಯಾ.

ದಫ್ತರಿನಲ್ಲಿ ನನ್ನ ಮುಂದೆ ಕೈ ಕಟ್ಟಿ ನಿಲ್ಲುವವರನ್ನು ಕಂಡಿದ್ದೆ. ಆ ದಿನ ಗುಡ್ಡದ ಮೇಲೆ ಕೈ ಕಟ್ಟಿ ನಿಂತು, ಅದೂ ಒಂದು ಆಡಿನ ಕಾವಲಿನಲ್ಲಿ, ನನ್ನ ಬುಟ್ಟಿ ತುಂಬುವುದನ್ನು ನೋಡಿದೆ.

ಸೀತಾಫಲದ ಮೈಮೇಲಿನ ಉಬ್ಬುಗಳ ನಡುವಿನ ಗೆರೆ ಬೆಳ್ಳಗೆ ಬಿಟ್ಟುಕೊಂಡರೆ ಅದು ಕಣ್ಣು ಬಿಟ್ಟಿತು ಅನ್ನುತ್ತಾರೆ. ಗಟ್ಟಿ ಇರುವಾಗಲೇ ಅದನ್ನು ಹರಿದು, ಹುಲ್ಲಿನಲ್ಲಿ ಮುಚ್ಚಿಟ್ಟು, ಕೈ ಹಚ್ಚದೆ ಬಿಟ್ಟರೆ ತಾನಾಗಿ ಹಣ್ಣಾಗುತ್ತದೆ. ಒತ್ತಿದರೆ ಒತ್ತಿದ ಕಡೆ ಕಪ್ಪಾಗಿ ಕಲ್ಲಾಗುತ್ತದೆ. ಇದು ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ನನಗೂ ಗೊತ್ತು. ಆದರೆ ಗೊತ್ತಿದ್ದದ್ದು ನನ್ನ ತಲೆಗೆ; ಹೆಬ್ಬೆರಳಿಗೆ ತಿಳಿಸಿ ಹೇಳುವವರು ಯಾರು?

"ಐತವಾರ ಮುಂಜಾನಿ ಬುಟ್ಟಿ ತೆಗೀರಿ. ಅಲ್ಲೀತನಕ ಬುಟ್ಟಿ ಅದ ಅನ್ನೂದೇ ಮರತುಬಿಡ್ರಿ" ಎಂದು ಅಮೀರ್ಬೀ ಕೈ ಮುಗಿದು ಬೀಳ್ಕೊಟ್ಟಳು.

ಮರೆಯುವುದೆಂದರೆ ಹೇಗೆ? ಮಗಳ ಬಾಳೇ ಆ ಬುಟ್ಟಿಯಲ್ಲಿದೆ! ಶುಕ್ರವಾರ ದಫ್ತರಿಗೆ ಹೋಗುವಾಗ ಒಮ್ಮೆ ಹುಲ್ಲು ಸರಿಸಿ ಯೋಗಕ್ಷೇಮ ವಿಚಾರಿಸಿದೆ. ಬಂದ ಮೇಲೆ ಮತ್ತೆ ವಿಚಾರಿಸಿದೆ. ಊಟಕ್ಕೆ ಮುಂಚೆ, ಊಟವಾದ ಮೇಲೆ, ನೀರು ಕುಡಿಯಲು ಎದ್ದಾಗ.

"ಏನ್ರಿ, ಮತ್ತ ಒತ್ತಾಕತ್ತೀರೇನು?"

"ಇಲ್ಲ ಇಲ್ಲ, ಹುಲ್ಲು ಸರಿ ಮಾಡಾಕತ್ತೀನಿ."

"ಹುಲ್ಲು ಸರಿ ಮಾಡ್ಲಿಕ್ಕ ಹೆಬ್ಬಟ್ಟು ಯಾಕ ಬೇಕು? ಕೈ ತೆಗೀರಿ ಮೊದಲು!"

ಶನಿವಾರ ಸಂಜೆ ನೋಡುತ್ತೇನೆ, ಮೇಲಿನ ಕಾಯಿಗಳು ಒಂದೂ ಹಣ್ಣಾಗಿಲ್ಲ! ಹಣ್ಣಾಗುವ ಬದಲು ಪ್ರತಿಯೊಂದರ ಮೇಲೂ ನನ್ನ ಹೆಬ್ಬೆಟ್ಟಿನ ಕಪ್ಪು ಮೊಹರು. ಒಂದಕ್ಕೊಂದು ತಾಗಿಸಿದರೆ ಟಣ್ ಎಂದು ಸಪ್ಪಳ. ಬುಟ್ಟಿಯ ತಳದ ಕಾಯಿಗಳು ಮಾತ್ರ ನನ್ನ ಹೆಬ್ಬೆರಳಿನ ಕೃಪೆಗೆ ಪಾತ್ರವಾಗಿರಲಿಲ್ಲ. ಅವಾದರೂ ನಾಳೆ ಹಣ್ಣಾಗಬೇಕಲ್ಲ? ಕಾವು ಬೇಕು, ಕಾವು! ಕೋಳಿಯನ್ನು ಕೂಡಿಸಲು ಮನೆಯಲ್ಲಿ ಕೋಳಿ ಇಲ್ಲ. ಅತ್ತಿತ್ತ ನೋಡಿದೆ. ಮೂಲೆಯಲ್ಲಿ ಹೊಸ ಹತ್ತಿ ತುಂಬಿಸಿದ್ದ, ಎಮ್ಮೆಗರುವಿನಷ್ಟು ದಪ್ಪನೆಯ, ಒರಗಿ ಕೂಡುವ ಲೋಡು ಕಂಡಿತು.

ಲಲಿತಾಬಾಯಿ ಪಿಂಗಾಣಿ ತಾಟು ಕೇಳಿ ತರಲು ಪಕ್ಕದ ಮನೆಯ ರಶೀದಾಬೇಗಂ ಹತ್ತಿರ ಹೋಗಿದ್ದಳು. ಲೋಡಿನ ಒಂದು ತುದಿಯ ಹೊಲಿಗೆ ಬಿಚ್ಚಿದೆ. ತಳದ ಕಾಯಿಗಳನ್ನೆಲ್ಲ ಹತ್ತಿಯೊಳಗೆ ಬೆಚ್ಚಗೆ ಮಲಗಿಸಿದೆ. ದಬ್ಬಣದಿಂದ ಮತ್ತೆ ಹೊಲಿದೆ. ನೋಡಲು ಬರುವವರು ಮಧ್ಯಾಹ್ನದ ಗಾಡಿಗೆ ಬರುತ್ತಾರೆ. ಮುಂಜಾನೆಯೇ ತೆಗೆದುಬಿಟ್ಟರೆ ಯಾರಿಗೂ ಸುಳಿವು ಸಿಗುವುದಿಲ್ಲ. ಹೆಬ್ಬೆರಳು ಸೋತ ಕಡೆ ಬುದ್ಧಿ ಗೆದ್ದಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ!

ಐತವಾರ ಮುಂಜಾನೆ ಲಲಿತಾಬಾಯಿ ಮನೆಯಿಂದ ಕದಲಿದರೆ ತಾನೇ? ಅವಳ ಕಣ್ಣೆದುರಿಗೆ ಲೋಡು ಬಿಚ್ಚುವುದು ಹೇಗೆ? ಎಲೆಯಡಿಕೆ ತರಲು ನನ್ನನ್ನೇ ಬಜಾರಿಗೆ ಅಟ್ಟಿದಳು. ಹೋದವನು ಸುಮ್ಮನೆ ಬರಬಾರದೆ? ಸೈದಾನಬಿಯ ಮುಂದೆ ನಿಂತು ನನ್ನ ತೋಟದ ಯಾತ್ರೆಯನ್ನು ಅವಳ ಸೆರಗಿಗೆ ವರ್ಣಿಸಿ, ನಿಧಾನವಾಗಿ ಮನೆಗೆ ಬಂದೆ. ಬಾಗಿಲಲ್ಲಿ ಸಾಲಾಗಿ ಚಪ್ಪಲಿಗಳು! ಬೆಳಗಿನ ಗಾಡಿಗೇ ಬಂದುಬಿಟ್ಟಿದ್ದರು!

"ಬರ್ರಿ ಬರ್ರಿ ಶರಣಬಸಪ್ಪನವರ! ನಿಮ್ಮ ಮನ್ಯಾಗ ನಿಮ್ಮನ್ನ ನಾವೇ ಬರ್ರಿ ಅನಬೇಕಾಯ್ತು ನೋಡ್ರಿ!"

ಹೀಗೆಂದವರು ಗಾದಿಯ ನಟ್ಟನಡುವೆ ಕೂತ ರೇವಣಪ್ಪ ಸಾವಕಾರರು. ಆಸಾಮಿ ಎಂದರೆ ಆಸಾಮಿ! ಹಾಲಿನಂಥ ಬಿಳಿ ಕೋಟು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ದೇವಿಂದ್ರಪ್ಪ. ಮತ್ತು ಸಾವಕಾರರ ಬೆನ್ನ ಹಿಂದೆ, ಒಂದು ಗೇಣಿನ ಅಂತರದಲ್ಲಿ, ನನ್ನ ಗರ್ಭಿಣಿ ಲೋಡು.

"ಸಾವಕಾರ್ರ, ಕುರ್ಚಿ ಮ್ಯಾಲ ಕುಂದ್ರಿ!" ಎಂದೆ.

"ಬ್ಯಾಡ್ರಿ, ಗಾದಿ ಪಾಡ ಅದ."

"ಹಂಗಾರ ಅಂಗಳಕ್ಕ ಬರ್ರಿ. ಗಾಳಿ ಭಾಳ ಚಲೋ ಅದ!"

"ಈಗರೇ ಬಿಸಲಾಗಿಂದ ಬಂದೀವ್ರೀ."

"ಲೋಡು... ಲೋಡು ಹೊಸಾದು. ಚುಚ್ಚತದ. ತೆಗೀಲೇನ್ರಿ?"

ಒಳಬಾಗಿಲಿನಿಂದ ಲಲಿತಾಬಾಯಿ ನನ್ನನ್ನು ಸುಡುವಂತೆ ನೋಡಿದಳು. "ಖುಷಿಗಿ ಹಂಗ ಮಾತಾಡ್ತಾರ್ರೀ. ನೀವು ಆರಾಮ ಕುಂದ್ರಿ" ಎಂದಳು.

ಸಾವಕಾರರ ಮೂಗು ಅರಳಿತು. "ಸೀತಾಫಲದ ವಾಸನಿ ಬರಾಕತ್ತದಲ್ಲ! ಆಹಾ! ಎಲ್ಲದಾವ್ರಿ?"

ಎಲ್ಲಿವೆ ಎಂದು ಹೇಳಲೇ? ಅಷ್ಟರಲ್ಲಿ ಲಲಿತಾಬಾಯಿ ಗಡಿಬಿಡಿಯಲ್ಲಿ ಒಳಗೆ ಹೋಗಿ ಬುಟ್ಟಿಯಲ್ಲಿ ಉಳಿದದ್ದನ್ನು ಪಿಂಗಾಣಿ ತಾಟಿಗೆ ಹಾಕಿ ಮಗಳ ಕೈಗೆ ಕೊಟ್ಟಳು. ಹಸಿರು ಸೀರೆಯ ನೀಲಾ ತಲೆ ತಗ್ಗಿಸಿ ಬಂದು ತಾಟು ಇಟ್ಟು ಮೂಲೆಯಲ್ಲಿ ನಿಂತಳು.

ಸಾವಕಾರರು ಒಂದನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. ಕಪ್ಪು ಮೊಹರುಗಳನ್ನು ಸವರಿದರು. ಆಮೇಲೆ ಜೀವಮಾನವೆಲ್ಲ ಫರಸಿ ಪರೀಕ್ಷಿಸಿದ ಬೆರಳಿನ ಗಿಣ್ಣಿನಿಂದ ಅದನ್ನು ಬಡಿದರು. ಟಕ್! ಟಕ್!

"ಇದು ಯಾ ಖಣಿ ಮಾಲ್ರೀ?"

ನೀಲಾಳ ತುಟಿ ಅದುರಿತು. ನನ್ನ ಕಣ್ಣ ಮುಂದೆ ಚಿತ್ತಾಪುರದವರ ಬೆನ್ನುಗಳು ಬಂದು ನಿಂತವು. ತಾಯೀ, ಇವತ್ತೊಂದು ದಿನ ತಡೆದುಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಹಣ್ಣಿನ ಆಸಿ ಹಚ್ಚಿ ಕಲ್ಲು ಮುಂದಿಡ್ತೀರಿ. ಕಲ್ಲು ತಿನ್ನಲಿಕ್ಕ ಶಹಾಬಾದ ಬಿಟ್ಟು ಸೇಡಂಕ ಯಾಕ ಬರಬೇಕಿತ್ರಿ ನಾವು?" ಎಂದು ಸಾವಕಾರರು ಮುಖ ಗಂಟಿಕ್ಕಿ, ತಮ್ಮ ಇಡೀ ಭಾರವನ್ನೂ ಇಡೀ ಬೇಸರವನ್ನೂ ಸೇರಿಸಿ ಹಿಂದಕ್ಕೆ ಒರಗಿದರು.

ಪಚಕ್!

ಸಾವಕಾರರು ಏನೂ ಆಗಿಲ್ಲವೆಂಬಂತೆ ಸ್ವಲ್ಪ ಎಡಕ್ಕೆ ಸರಿದು ಒರಗಿದರು. ಪಚಕ್! ಬಲಕ್ಕೆ ಸರಿದರು. ಪಚ ಪಚ ಪಚಕ್! ನನ್ನ ದಬ್ಬಣದ ಹೊಲಿಗೆ ಬಿಟ್ಟುಕೊಂಡಿತು. ಅವರು ಧಡಕ್ಕನೆ ಎದ್ದು ಬೆನ್ನು ತಿರುಗಿಸಿದಾಗ, ಕೋಟಿನ ತುಂಬ ಸೀತಾಫಲದ ಕೆನೆ, ಕೆನೆಯ ಮೇಲೆ ಹತ್ತಿ. ಅದರೊಳಗಿಂದ ಒಂದು ಕರಿ ಬೀಜ ಮೆಲ್ಲಗೆ ಜಾರಿ ಪಿಂಗಾಣಿ ತಾಟಿನಲ್ಲಿ ಟಿಣ್ ಎಂದು ಬಿತ್ತು.

ನೀಲಾ ನಕ್ಕಳು! ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ನಗೆ. ಲಲಿತಾಬಾಯಿ ಬಾಗಿಲಿಗೆ ಹಣೆ ಹಚ್ಚಿದಳು. ಮುಗಿಯಿತು ಎಂದುಕೊಂಡೆ. ಮಗಳು ಬಾಯಿಬಿಟ್ಟು ಕೇಳದೆಯೇ ಆಸೆಪಟ್ಟ ಒಂದೇ ಒಂದು ಸಂಬಂಧ, ಅಪ್ಪನಾದವನು ಕೈಯಾರೆ ಒತ್ತಿ ಹಾಳುಮಾಡಿದೆನಲ್ಲ! ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಸಾವಕಾರರ ಕಣ್ಣಲ್ಲಿ ತರಿಸಬೇಕೆಂದಿದ್ದ ನೀರು.

ಆಗ ಇನ್ನೊಂದು ನಗೆ ಕೇಳಿತು. ನೋಡಿದರೆ ದೇವಿಂದ್ರಪ್ಪ! ಬಂದಾಗಿನಿಂದ ತಲೆ ಎತ್ತದ ಬಾಬು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ಅವನು ಅವಳನ್ನು ನೋಡಿ ನಗುತ್ತಾನೆ, ಅವಳು ಅವನನ್ನು ನೋಡಿ ಇನ್ನಷ್ಟು ನಗುತ್ತಾಳೆ.

ಸಾವಕಾರರು ಮಗನನ್ನು ನೋಡಿದರು. ಹುಡುಗಿಯನ್ನು ನೋಡಿದರು. ಬೆನ್ನಿಗೆ ಕೈ ಹಾಕಿ, ಬೆರಳಿಗೆ ಹತ್ತಿದ್ದನ್ನು ಮೂಸಿ, ಬಾಯಿಗಿಟ್ಟರು. ಗಂಟಿಕ್ಕಿದ ಮುಖ ನಿಧಾನವಾಗಿ ಸಡಿಲಾಯಿತು.

"ಇದು ಬಜಾರದ ಮಾಲು ಅಲ್ಲ!"

"ಚಿಮ್ಮನಚೋಡದ ತ್ವಾಟದ್ದು ರೀ!" ಎಂದು ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ. ಅವಳ ಮುಖ ಕಂಡು ಉಬ್ಬಿದ್ದನ್ನು ಇಳಿಸಿಕೊಂಡೆ.

ಸಾವಕಾರರು ಕೋಟು ಕಳಚಿ, ಲೋಡನ್ನು ಮಗುವಿನಂತೆ ತೊಡೆಯ ಮೇಲೆ ಎಳೆದುಕೊಂಡು, ಹತ್ತಿಯೊಳಗೆ ಕೈ ಹಾಕಿ ಪಾರಾದ ಹಣ್ಣುಗಳನ್ನು ಒಂದೊಂದಾಗಿ ತೆಗೆದು ತಿನ್ನತೊಡಗಿದರು. ಮೀಸೆಗೆಲ್ಲ ಹತ್ತಿ.

"ಲೋಡಿನ್ಯಾಗ ಯಾಕ ಇಟ್ಟಿದ್ರಿ?"

ಎಲ್ಲವನ್ನೂ ಹೇಳಿದೆ. ಬುಟ್ಟಿ, ಹುಲ್ಲು, ಹೆಬ್ಬೆರಳು, ದಬ್ಬಣ. ನಾನು ಅಳುವ ದನಿಯಲ್ಲಿ ಹೇಳಿದಷ್ಟೂ ಅವರು ನಕ್ಕರು. ನಕ್ಕಷ್ಟೂ ತಿಂದರು. ತೋಟದಲ್ಲಿ ತಿಂದದ್ದಕ್ಕೆ ಹಿಸಾಬ್ ಇಲ್ಲವೆಂಬ ಅಮೀರ್ಬೀಯ ಕಾಯಿದೆ ಅವತ್ತು ನನ್ನ ಲೋಡಿಗೂ ಅನ್ವಯವಾಯಿತು. ಕೊನೆಗೆ ಬಾಯಿ ಒರೆಸಿಕೊಂಡು, ಮಗನ ಕಡೆ ನೋಡಿ, ಅವನ ಮುಖದಲ್ಲೇ ಉತ್ತರ ಓದಿಕೊಂಡು ಅವರು ಗಂಭೀರವಾದರು.

"ನಮ್ಮ ಮನ್ಯಾಗ ಬರೇ ಕಲ್ಲಿನ ಸಪ್ಪಳ ರೀ. ನಗೋ ಹುಡುಗಿ ಬಂದ್ರ ಚಲೋನೇ ಆಯ್ತು. ಕನ್ಯಾ ಒಪ್ಪಿಗಿ ಅದ. ಖರೆ ಒಂದು ಕರಾರು."

"ನೀವು ಏನಂತೀರಿ ಅದೇ ಆಗ್ಲಿ!" ಎಂದೆ ಕೈ ಮುಗಿದು.

"ಧಾರಿ ಎರಿಯೋ ಹೊತ್ತಿನ್ಯಾಗ ನೀವು ನಮ್ಮ ಹುಡುಗನ ಕೈ ಹಿಡೀತೀರಲ್ಲ? ಹಿಡೀರಿ. ಒತ್ತಿ ನೋಡಬ್ಯಾಡ್ರಿ!"

ಆ ಮಾತು ನಮಗಿಂತ ಮುಂಚೆ ಊರು ಸುತ್ತಿತು. ಮದುವೆಯ ದಿನ ಹಂದರದಲ್ಲಿ ಮದುಮಗಳನ್ನು ನೋಡಿದವರಿಗಿಂತ ನನ್ನ ಕೈ ನೋಡಿದವರೇ ಹೆಚ್ಚು. ಅಂದು ನನ್ನ ಬಲಗೈ ಹೆಬ್ಬೆರಳಿಗೆ ಅರಿಶಿನದ ಬಟ್ಟೆಯ ಭಾರೀ ಪಟ್ಟಿ ಇತ್ತು. ಮದುವೆಗೆ ಬಂದಿದ್ದ ಸೈದಾನಬಿ ಅದನ್ನು ಕಂಡು ಕನಿಕರದಿಂದ, "ಅಯ್ಯಽ, ಸಾಹೇಬ್ರ ಹೆಬ್ಬಟ್ಟಿಗಿ ಗಾಯ ಆಗ್ಯದೇನ್ರೀ ಬಾಯಾರ?" ಎಂದು ಲಲಿತಾಬಾಯಿಯನ್ನು ಕೇಳಿದಳು.

ಪಟ್ಟಿ ಕಟ್ಟಿದ ನನ್ನ ಧರ್ಮಪತ್ನಿ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿ ಹೇಳಿದಳು:

"ಗಾಯ ಇಲ್ಲವಾ. ಬಂದೋಬಸ್ತ್!"